ಇಸಿನ್ಲಿವಿಯಿಂದ ಚುಗ್ಚಿಲಾನ್‌ಗೆ: ಆಂಡಿಸ್ ಬೆಟ್ಟದಲ್ಲಿ ಅವಸರವಿಲ್ಲದ ಒಂದು ದಿನ

ಈಕ್ವೆಡಾರ್ ದೇಶದ ಕೊತೊಪಾಕ್ಸಿ ಪ್ರಾಂತ್ಯದಲ್ಲಿ ಇಸಿನ್ಲಿವಿ ಅಂತ ಒಂದು ಪುಟ್ಟ ಊರಿದೆ. ಒಂದು ಚರ್ಚು, ಅದರ ಮುಂದೊಂದು ಚೌಕ, ಸುತ್ತ ಒಂದಷ್ಟು ಮನೆ. ಅಲ್ಲಿಂದ ತೊವಾಚಿ ನದಿಯ ಕಣಿವೆಗೆ ಇಳಿದು, ಆಚೆ ಬದಿಯ ಏರು ಹತ್ತಿದರೆ ಚುಗ್ಚಿಲಾನ್. ದಾರಿ ಸುಮಾರು 12 ಕಿಲೋಮೀಟರ್. ಬಿರಬಿರನೆ ನಡೆಯುವವರು ನಾಲ್ಕು ಗಂಟೆಯಲ್ಲಿ ಮುಗಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಆರು ಗಂಟೆ ತಗೊಳ್ಳಿ.

ಇದು ಕಿಲೊತೊವಾ ಲೂಪ್ ಅಂತ ಹೆಸರಾದ ಚಾರಣದ ನಡುವಿನ ದಿನ. ಜಾಸ್ತಿ ಜನ ಮೂರು ದಿನ ನಡೆಯುತ್ತಾರೆ. ಸಿಗ್ಚೋಸ್‌ನಿಂದ ಇಸಿನ್ಲಿವಿ, ಅಲ್ಲಿಂದ ಚುಗ್ಚಿಲಾನ್, ಕೊನೆಯ ದಿನ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕಿಲೊತೊವಾ ಸರೋವರ. ಮೂರನೇ ದಿನ ಸರೋವರದ ಅಂಚಿಗೆ ಹತ್ತುವುದೇ ಒಂದು ಸಾಹಸ; 3,900 ಮೀಟರ್ ಎತ್ತರ, ಕಡಿದಾದ ಏರು. ಎಲ್ಲರೂ ಆ ಸರೋವರದ ಫೋಟೋ ನೋಡಿಯೇ ಹೊರಡುವುದರಿಂದ ನಡುವಿನ ದಿನವನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಕಣಿವೆ, ನದಿ, ಹೊಲ, ಹಳ್ಳಿ ಎಲ್ಲ ಸಿಗುವುದು ಆ ದಿನವೇ. ಎರಡೂ ತುದಿಯಲ್ಲಿ ಒಳ್ಳೆಯ ಹಾಸ್ಟೆಲ್‌ಗಳೂ ಇವೆ. ಒಂದೇ ದಿನ ನಡೆಯಲು ಸಮಯ ಇದ್ದರೆ ಇದನ್ನೇ ಆರಿಸಿಕೊಳ್ಳಿ.

ಊರಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ

ವೀಸಾ ನಿಯಮವನ್ನು ಟಿಕೆಟ್ ಮಾಡಿಸುವ ಮೊದಲೇ ರಾಯಭಾರ ಕಚೇರಿಯ ಮೂಲಕ ತಿಳಿದುಕೊಳ್ಳಿ. ಭಾರತೀಯರಿಗೆ ವೀಸಾ ಬೇಡ ಅಂತ ಹಳೇ ಬರಹಗಳಲ್ಲಿ ಇರುತ್ತದೆ. ಅದನ್ನು ನಂಬಿ ಹೊರಡಬೇಡಿ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಇದನ್ನು ಸುಮಾರು ಜನ ಮರೆಯುತ್ತಾರೆ. ಬೆಟ್ಟದ ಮೇಲೆ ಆ ಕಾಯಿಲೆ ಇಲ್ಲ, ನಿಜ. ಆದರೆ ಈಕ್ವೆಡಾರ್‌ನಿಂದ ಭಾರತಕ್ಕೆ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಹಳದಿ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು.

ದೇಶದ ಪರಿಸ್ಥಿತಿಯನ್ನೂ ಒಮ್ಮೆ ನೋಡಿಕೊಳ್ಳಿ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು. ಗಲಾಟೆ ಜಾಸ್ತಿ ಇದ್ದದ್ದು ಕರಾವಳಿ ನಗರಗಳಲ್ಲಿ. ಆದರೂ ಹೊರಡುವ ವಾರದ ಸುದ್ದಿ ಓದಿ ನಿರ್ಧಾರ ಮಾಡಿ.

ಎತ್ತರಕ್ಕೆ ಮೈ ಒಗ್ಗಬೇಕು

ನಮ್ಮ ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಈ ನಡಿಗೆ ಶುರುವಾಗುವ ಇಸಿನ್ಲಿವಿಯೇ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯ ಮೇಲೆ ಇನ್ನೂ ಒಂದು ಬೆಟ್ಟ ಇಟ್ಟಂತೆ. 3,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70% ಅಷ್ಟೇ. ಪ್ರತಿ ಉಸಿರಿಗೂ ಆಮ್ಲಜನಕ ಆ ಲೆಕ್ಕದಲ್ಲೇ ಸಿಗುತ್ತದೆ. ಕುಮಾರಪರ್ವತ ಹತ್ತಿದ ಕಾಲು ಅಂತ ಧೈರ್ಯ ಇರಲಿ. ಆದರೆ ಇಲ್ಲಿ ಮೊದಲು ಸೋಲುವುದು ಕಾಲಲ್ಲ, ಉಸಿರು.

ರಾಜಧಾನಿ ಕೀಟೊ 2,850 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎರಡು ರಾತ್ರಿ ಉಳಿಯಿರಿ. ಮೂರಾದರೆ ಇನ್ನೂ ಒಳ್ಳೆಯದು. ಹಳೇ ಪೇಟೆಯಲ್ಲಿ ನಿಧಾನವಾಗಿ ಅಡ್ಡಾಡಿ, ನೀರು ಚೆನ್ನಾಗಿ ಕುಡಿಯಿರಿ, ಮೊದಲ ದಿನ ಮದ್ಯ ಬೇಡ. ನಾನು ವಿಮಾನ ಇಳಿದ ಮರುದಿನವೇ ಬಸ್ ಹತ್ತಿದೆ. ಆ ರಾತ್ರಿ ಹಣೆಯ ಎರಡೂ ಬದಿ ಸಿಡಿಯುವಂಥ ತಲೆನೋವು, ಊಟ ಮುಂದಿದ್ದರೂ ಸೇರಲಿಲ್ಲ. ಬೆಳಗ್ಗೆ ನಡೆಯುವ ಯೋಚನೆ ಬಿಟ್ಟು ಒಂದು ದಿನ ಹಾಸ್ಟೆಲ್‌ನಲ್ಲೇ ಮಲಗಿದೆ. ಮರುದಿನ ಸರಿಹೋಯಿತು. ತಲೆನೋವು ಇದ್ದರೆ ಮೇಲಕ್ಕೆ ಹತ್ತಬೇಡಿ. ನಡೆಯುವಾಗ ತಡವರಿಕೆ, ಸುಮ್ಮನೆ ಕೂತಾಗಲೂ ಏದುಸಿರು ಕಂಡರೆ ಕೂಡಲೇ ಕೆಳಗಿಳಿಯಿರಿ, ವೈದ್ಯರನ್ನು ನೋಡಿ. ಎತ್ತರದ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಊರಿನ ವೈದ್ಯರ ಹತ್ತಿರವೇ ಕೇಳಿಕೊಂಡು ಹೋಗಿ.

ಇಸಿನ್ಲಿವಿ ಮುಟ್ಟುವುದು

ಕೀಟೊದ ದಕ್ಷಿಣಕ್ಕೆ ಕಿತುಂಬೆ ಬಸ್ ನಿಲ್ದಾಣ. ಅಲ್ಲಿಂದ ಲಾತಾಕುಂಗಾ ಪಟ್ಟಣಕ್ಕೆ ಬಸ್‌ಗಳು ಬರುತ್ತಲೇ ಇರುತ್ತವೆ, ಎರಡು ಗಂಟೆಯೊಳಗೆ ತಲುಪಿಸುತ್ತವೆ. ಎಡಗಡೆ ಕಿಟಕಿ ಸಿಕ್ಕರೆ ಬಿಡಬೇಡಿ. ಮೋಡ ಇಲ್ಲದ ಬೆಳಗ್ಗೆ ಕೊತೊಪಾಕ್ಸಿ ಜ್ವಾಲಾಮುಖಿ ಕಾಣುತ್ತದೆ, 5,897 ಮೀಟರ್, ನೆತ್ತಿಯ ತುಂಬ ಹಿಮ. ಒಂದು ಎಚ್ಚರಿಕೆ: ಚಿಕ್ಕ ಬ್ಯಾಗನ್ನು ತಲೆಯ ಮೇಲಿನ ಕಟ್ಟೆಯಲ್ಲೂ ಇಡಬೇಡಿ, ಕಾಲ ಕೆಳಗೂ ಇಡಬೇಡಿ. ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ. ಈ ದಾರಿಯ ಬಸ್‌ಗಳಲ್ಲಿ ಬ್ಯಾಗ್ ಕದಿಯುವುದು ಹೊಸದಲ್ಲ.

ಲಾತಾಕುಂಗಾದಲ್ಲಿ ಎಟಿಎಂ ಕೆಲಸ ಮುಗಿಸಿ. ಮುಂದೆ ಹಳ್ಳಿಗಳಲ್ಲಿ ಎಟಿಎಂ ಇದೆ ಅಂತ ನಂಬಿಕೊಂಡು ಹೋಗಬೇಡಿ. 2000ದಿಂದ ಈಕ್ವೆಡಾರ್‌ನಲ್ಲಿ ಅಮೆರಿಕದ ಡಾಲರ್ ನಡೆಯುತ್ತದೆ, ಹಾಗಾಗಿ ಹಣ ಬದಲಿಸುವ ರಗಳೆ ಇಲ್ಲ. ಆದರೆ 20 ಡಾಲರ್ ನೋಟಿಗೂ ಚಿಲ್ಲರೆ ಸಿಗುವುದು ಕಷ್ಟ. 1 ಮತ್ತು 5 ಡಾಲರ್ ಇಟ್ಟುಕೊಳ್ಳಿ. 1 ಡಾಲರ್ ನಾಣ್ಯವಂತೂ ಅಲ್ಲಿ ಧಾರಾಳವಾಗಿ ಓಡುತ್ತದೆ.

ಲಾತಾಕುಂಗಾದಿಂದ ಇಸಿನ್ಲಿವಿಗೆ ಬಸ್‌ಗಳು ಕಡಿಮೆ, ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ. ವಾರದ ದಿನದ ಮೇಲೆ ಸಮಯ ಬದಲಾಗುತ್ತದೆ. ಕಾಯ್ದಿರಿಸುವಾಗಲೇ ಹಾಸ್ಟೆಲ್‌ನವರನ್ನು ಕೇಳಿ, ಅವರ ಹತ್ತಿರ ಸರಿಯಾದ ಮಾಹಿತಿ ಇರುತ್ತದೆ.

ಹಿಂದಿನ ಸಂಜೆ

ಈ ಊರುಗಳ ಹಾಸ್ಟೆಲ್‌ಗಳಲ್ಲಿ ಬಾಡಿಗೆಯ ಜೊತೆಗೇ ರಾತ್ರಿಯೂಟ, ಬೆಳಗಿನ ತಿಂಡಿ ಸೇರಿರುವುದು ವಾಡಿಕೆ. ಹೊರಗೆ ಹೋಟೆಲ್ ಹುಡುಕುವ ಕೆಲಸ ಇಲ್ಲ. ಸಸ್ಯಾಹಾರಿಗಳಾದರೆ ಕಾಯ್ದಿರಿಸುವಾಗ ಹೇಳಿ, ತಲುಪಿದ ಮೇಲೆ ಮತ್ತೊಮ್ಮೆ ಹೇಳಿ. ಅಲ್ಲಿನ ಸ್ಪ್ಯಾನಿಷ್ ಭಾಷೆಯಲ್ಲಿ "ಸೊಯ್ ವೆಹೆತಾರಿಯಾನೊ" ಅಂದರೆ ನಾನು ಸಸ್ಯಾಹಾರಿ. ಹೆಂಗಸರು "ವೆಹೆತಾರಿಯಾನಾ" ಅನ್ನಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. "ಸಿನ್ ಕಾರ್ನೆ, ಸಿನ್ ಪೊಯ್ಯೊ" ಅಂತ ಸೇರಿಸಿ. ಮಾಂಸ ಬೇಡ, ಕೋಳಿ ಬೇಡ ಅಂತ. ಸೂಪಿನಲ್ಲಿ ಕೋಳಿ ತುಂಡು ಇರದಿದ್ದರೂ ಕೋಳಿ ಬೇಯಿಸಿದ ನೀರು ಇರಬಹುದು. ಅದನ್ನೂ ಬಿಡಿಸಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಊಟವಾದ ಮೇಲೆ ಮೂರು ಕೆಲಸ ಇದೆ. ದಾರಿಯ ವಿವರ ಬರೆದ ಹಾಳೆ ಕೇಳಿ ಪಡೆಯಿರಿ. ಎಲ್ಲಿ ಎಡಕ್ಕೆ, ಎಲ್ಲಿ ಬೇಲಿ ದಾಟಬೇಕು ಅನ್ನುವುದೆಲ್ಲ ಅದರಲ್ಲಿರುತ್ತದೆ. ಆಫ್‌ಲೈನ್ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಮಳೆಗೆ ದಾರಿ ಎಲ್ಲಾದರೂ ಕುಸಿದಿದೆಯಾ ಅಂತ ವಿಚಾರಿಸಿ. ಈ ಕಣಿವೆಯ ಮಣ್ಣು ಸಡಿಲ. ಹೋದ ವರ್ಷದ ಕಾಲುದಾರಿ ಈ ವರ್ಷ ಇರಬೇಕು ಅಂತೇನಿಲ್ಲ.

ಮರುದಿನಕ್ಕೆ ಬುತ್ತಿ ಬೇಕು ಅಂತಲೂ ರಾತ್ರಿಯೇ ಹೇಳಿಬಿಡಿ.

ಬೆಳಗ್ಗೆ ಏಳೂವರೆಗೆ ಹೊರಡಿ

ಇಲ್ಲಿ ಸಮಭಾಜಕ ವೃತ್ತ ತೀರಾ ಹತ್ತಿರ. ವರ್ಷವಿಡೀ ಸೂರ್ಯ ಬೆಳಗ್ಗೆ ಆರರ ಸುಮಾರಿಗೆ ಹುಟ್ಟಿ, ಸಂಜೆ ಆರರ ಸುಮಾರಿಗೆ ಮುಳುಗುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್ ಒಣಹವೆ, ಗಾಳಿ ಜಾಸ್ತಿ. ಉಳಿದ ತಿಂಗಳುಗಳಲ್ಲೂ ಬೆಳಗ್ಗೆ ಹೆಚ್ಚಾಗಿ ಆಕಾಶ ತಿಳಿಯಾಗಿರುತ್ತದೆ, ಮಳೆ ಬರುವುದು ಮಧ್ಯಾಹ್ನದ ಮೇಲೆ. ಪೆಸಿಫಿಕ್ ಕಡೆಯ ತೇವದ ಗಾಳಿ ಪಶ್ಚಿಮದ ಇಳಿಜಾರು ಹತ್ತಿ ಮಂಜಾಗಿ ಚುಗ್ಚಿಲಾನ್ ಮೇಲೆ ಬರುತ್ತದೆ. ನಮ್ಮ ಆಗುಂಬೆಯ ಮೇಲೆ ಅರಬ್ಬೀ ಸಮುದ್ರದ ಮೋಡ ಬರುವ ಹಾಗೇ. ಹಾಗಾಗಿ ಮಧ್ಯಾಹ್ನ ಎರಡರ ಹೊತ್ತಿಗೆ ಹಾಸ್ಟೆಲ್ ಬಾಗಿಲಲ್ಲಿ ಇರಬೇಕು. ನಿಧಾನ ನಡೆಯಬೇಕು ಅಂದರೆ ಬೇಗ ಹೊರಡಬೇಕು.

ತಿಂಡಿಗೆ ಹಣ್ಣು, ಬ್ರೆಡ್ಡು, ಮೊಟ್ಟೆ ಇರುತ್ತದೆ. ಮಾಚಿಕಾ ಇದ್ದರೆ ಕೇಳಿ ಹಾಕಿಸಿಕೊಳ್ಳಿ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ಅದು. ಬಿಸಿ ಹಾಲಿಗೆ ಕಲಸಿ ತಿನ್ನುತ್ತಾರೆ. ಮೊದಲ ಚಮಚಕ್ಕೇ ನನಗೆ ರಾಗಿ ಹುರಿಹಿಟ್ಟಿನ ನೆನಪಾಯಿತು. ಅದೇ ಹುರಿದ ಘಮ, ಅದೇ ಗಂಟಲಿಗೆ ಅಂಟುವ ಗುಣ. ಹೊಟ್ಟೆ ಮಧ್ಯಾಹ್ನದವರೆಗೂ ಗಟ್ಟಿಯಾಗಿರುತ್ತದೆ.

ಬ್ಯಾಗಿನಲ್ಲಿ ಎರಡು ಲೀಟರ್ ನೀರು, ಬುತ್ತಿ, ಮಳೆ ಕೋಟು, ಒಂದು ಸ್ವೆಟರ್, ಅಂಚಿರುವ ಟೋಪಿ. ಸನ್‌ಸ್ಕ್ರೀನ್ ಕಡ್ಡಾಯ. ಪ್ರತಿ 1,000 ಮೀಟರ್ ಏರಿದಾಗಲೂ ಅತಿನೇರಳೆ ಕಿರಣಗಳು ಸುಮಾರು 10% ಜಾಸ್ತಿಯಾಗುತ್ತವೆ. ಜೊತೆಗೆ ಇಲ್ಲಿ ಸೂರ್ಯ ನೆತ್ತಿಯ ಮೇಲೇ. ಗಾಳಿ ತಣ್ಣಗಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಕಪ್ಪು ಚರ್ಮಕ್ಕೆ ಏನೂ ಆಗಲ್ಲ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಆಗುತ್ತದೆ. ಕಿವಿಯ ತುದಿ, ಕತ್ತಿನ ಹಿಂಭಾಗ ಬಿಡದೆ ಹಚ್ಚಿಕೊಳ್ಳಿ.

ಇಳಿಯುವ ದಾರಿ

ಊರು ದಾಟಿದ ಕೂಡಲೇ ಇಳಿಜಾರು. ಎರಡೂ ಕಡೆ ಆಲೂಗಡ್ಡೆ, ಬಾರ್ಲಿ, ಮೆಕ್ಕೆಜೋಳದ ತುಂಡು ಹೊಲಗಳು, ಬದುವಿನ ಮೇಲೆ ಕತ್ತಾಳೆ ಸಾಲು. ಬಯಲುಸೀಮೆಯ ಹೊಲದ ಬದುವಿನಲ್ಲಿ ನೋಡುವ ಅದೇ ಕತ್ತಾಳೆ. ಅದರ ಮೂಲ ಅಮೆರಿಕ ಖಂಡ, ನಮ್ಮಲ್ಲಿಗೆ ಆಮೇಲೆ ಬಂದದ್ದು. ನೀಲಗಿರಿ ಮರ ಮಾತ್ರ ಅವರಿಗೂ ಹೊರಗಿನದು. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದ ಈ ಮರವನ್ನು ಅಲ್ಲಿಗೆ ತಂದರು. ಬಿಸಿಲಿಗೆ ಅದರ ವಾಸನೆ ಏಳುವಾಗ ಊಟಿ ದಾರಿಯಲ್ಲಿ ಇದ್ದೇನಾ ಅನಿಸುತ್ತದೆ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಕಾಲ ಕೆಳಗಿನ ಮಣ್ಣು ಬೂದುಬಣ್ಣದ ಪುಡಿ, ಶೂ ಜಾರುತ್ತದೆ. ಒಂದು ಕಡೆ ನಿಂತು ಆ ಮಣ್ಣನ್ನು ಕೈಗೆ ತಗೊಂಡು ನೋಡಿ. ಸುಮಾರು 800 ವರ್ಷಗಳ ಹಿಂದೆ ಕಿಲೊತೊವಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ, ಕಲ್ಲಿನ ಪುಡಿ ಈ ತೊವಾಚಿ ಕಣಿವೆಯೊಳಗೆ ಹರಿದು ತುಂಬಿಕೊಂಡಿತು. ನದಿ ಅದನ್ನೇ ಮತ್ತೆ ಕೊರೆದು ದಾರಿ ಮಾಡಿಕೊಂಡಿದೆ. ಪುಡಿಯ ನಡುವೆ ಬಿಳಿಚಿದ ಸಣ್ಣ ಕಲ್ಲುಗಳು ಸಿಗುತ್ತವೆ. ನಾನೊಂದು ಎತ್ತಿಕೊಂಡೆ. ನಿಂಬೆಹಣ್ಣಿನಷ್ಟು ದಪ್ಪ, ಆದರೆ ಅಂಗೈಗೆ ಭಾರವೇ ಗೊತ್ತಾಗಲಿಲ್ಲ. ಮೈತುಂಬ ತೂತು, ಸ್ನಾನದ ಮನೆಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿನ ಹಾಗೆ. ಅದೇ ಕಲ್ಲು ಅದು, ಪ್ಯೂಮಿಸ್. ನೀರಿಗೆ ಹಾಕಿದರೆ ತೇಲುತ್ತದೆ.

ಕೆಲವು ಕಡೆ ದಾರಿ ಆಳೆತ್ತರದ ಓಣಿಯಾಗುತ್ತದೆ. ಜನ, ಕತ್ತೆ, ಕುರಿ ನಡೆದು ನಡೆದು, ಮಳೆನೀರು ಕೊರೆದು ಆದ ಓಣಿ. ಎದುರಿಗೆ ಹೊರೆ ಹೊತ್ತ ಪ್ರಾಣಿ ಬಂದರೆ ಬದಿಗೆ ಸರಿದು ನಿಂತು ಅದನ್ನು ಮೊದಲು ಬಿಡಿ.

ಎದುರು ಸಿಕ್ಕ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಬೇಕು. ಇದು ಅಲ್ಲಿನ ರೀತಿ. ಮಧ್ಯಾಹ್ನದವರೆಗೆ "ಬ್ವೆನೋಸ್ ದಿಯಾಸ್", ಆಮೇಲೆ "ಬ್ವೆನಾಸ್ ತಾರ್ದೆಸ್". ಈ ಕಣಿವೆಯ ಹಲವರ ತಾಯಿನುಡಿ ಕಿಚ್ವಾ. ಅವರದೇ ಮಾತಿನಲ್ಲಿ "ಯುಪಾಯ್ಚಾನಿ" ಅಂದರೆ ಧನ್ಯವಾದ. ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರು ನನಗೆ ಕೈಚಾಚಿ ದಾರಿ ತೋರಿಸಿದರು. ಆ ಪದ ಹೇಳಿದೆ. ಉಣ್ಣೆಯ ಟೋಪಿ ಹಿಂದಕ್ಕೆ ಸರಿಸಿ ನನ್ನ ಮುಖ ಸರಿಯಾಗಿ ನೋಡಿದರು. ಆಮೇಲೆ ಅದೇ ಪದವನ್ನು ನಿಧಾನಕ್ಕೆ ಎರಡು ಸಲ ಹೇಳಿ ನನ್ನ ಉಚ್ಚಾರ ತಿದ್ದಿದರು. ಫೋಟೋ ತೆಗೆಯುವ ಮೊದಲು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಮಕ್ಕಳು ಮಿಠಾಯಿ ಕೇಳಿದರೆ ಕೊಡದಿರುವುದೇ ಒಳ್ಳೆಯದು. ದಾರಿಹೋಕರ ಮುಂದೆ ಕೈ ಚಾಚುವ ಅಭ್ಯಾಸ ಅವರಿಗೆ ಆಗಬಾರದು.

ನಾಯಿಗಳ ವಿಷಯ. ಪ್ರತಿ ಹೊಲಮನೆಯಲ್ಲೂ ನಾಯಿ ಇರುತ್ತದೆ, ಬೊಗಳಿಕೊಂಡು ಓಡಿಬರುತ್ತದೆ. ಓಡಬೇಡಿ. ಕಲ್ಲು ಎತ್ತುವವರ ಹಾಗೆ ಸುಮ್ನೆ ಬಗ್ಗಿ. ನಮ್ಮ ಬೀದಿನಾಯಿಗಳಿಗೆ ಗೊತ್ತಿರುವ ಭಾಷೆ ಅವಕ್ಕೂ ಗೊತ್ತು. ಕೈಯಲ್ಲೊಂದು ಕೋಲಿದ್ದರೆ ಧೈರ್ಯ. ಕಚ್ಚಿದರೆ ತಡಮಾಡದೆ ಸೋಪುನೀರಲ್ಲಿ ತೊಳೆದು, ನಡಿಗೆ ಬಿಟ್ಟು ಆಸ್ಪತ್ರೆಗೆ ಹೋಗಿ.

ನದಿ, ಆಮೇಲೆ ಏರು

ಕಣಿವೆಯ ತಳದಲ್ಲಿ ಕಾಲುಸೇತುವೆಯ ಮೇಲೆ ತೊವಾಚಿ ದಾಟಬೇಕು. ದಾರಿ ತಪ್ಪುವುದು ಇಲ್ಲಿಯೇ ಜಾಸ್ತಿ. ನದಿಯ ಪಕ್ಕದ ದಾರಿ ಚೆನ್ನಾಗಿ ಸವೆದಿರುವುದರಿಂದ ಕಾಲು ತಾನಾಗಿ ಮುಂದೆ ಹೋಗಿಬಿಡುತ್ತದೆ. ನಾನು ಸೇತುವೆ ಬಿಟ್ಟು ಅರ್ಧ ಗಂಟೆ ಮುಂದೆ ಹೋಗಿ ವಾಪಸ್ ಬಂದೆ. ನೀರಿನ ಸದ್ದು ಹತ್ತಿರವಾದ ಮೇಲೆ ಐದು ನಿಮಿಷಕ್ಕೊಮ್ಮೆ ನಕ್ಷೆ ನೋಡಿ.

ಸೇತುವೆಯ ಹತ್ತಿರ ಕೂತು ಬುತ್ತಿಯ ಅರ್ಧ ಮುಗಿಸಿ. ಮುಂದೆ ಏರು ಇದೆ, ಪೂರ್ತಿ ಹೊಟ್ಟೆ ಬೇಡ. ಶೂ ಬಿಚ್ಚಿ ಪಾದಕ್ಕೆ ಗಾಳಿ ಆಡಲಿ. ಎಲ್ಲಾದರೂ ಗುಳ್ಳೆ ಏಳುವ ಹಾಗೆ ಉರಿಯುತ್ತಿದ್ದರೆ ಈಗಲೇ ಪಟ್ಟಿ ಅಂಟಿಸಿ.

ಇತುವಾಲೊ ಅನ್ನುವ ಪುಟ್ಟ ಹಳ್ಳಿ ದಾಟಿದ ಮೇಲೆ ನಿಜವಾದ ಏರು. ಅಂಕುಡೊಂಕಾಗಿ ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ಒಂದು ಗಂಟೆ, ಒಂದೂವರೆ ಗಂಟೆ ಹಿಡಿಯಬಹುದು. ಇಲ್ಲಿ ಒಂದೇ ನಿಯಮ: ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಇಳಿಸಿ. ಎರಡು ಹೆಜ್ಜೆಗೆ ಒಂದು ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಅದೂ ಕಷ್ಟವಾದರೆ ಒಂದೊಂದು ಹೆಜ್ಜೆಗೆ. ಓಡಿ ಹತ್ತಿ ನಿಂತು ಏದುಸಿರು ಬಿಡುವುದಕ್ಕಿಂತ, ನಿಲ್ಲದೆ ಆಮೆಯ ಹಾಗೆ ಹತ್ತಿದರೆ ಬೇಗ ಮುಟ್ಟುತ್ತೀರಿ. ಪ್ರತಿ ತಿರುವಿನಲ್ಲಿ ಎರಡು ಗುಟುಕು ನೀರು.

ಏರು ಮುಗಿದಲ್ಲಿ ಹಿಂತಿರುಗಿ ಕೂರಿ. ಬೆಳಗ್ಗೆ ಬಿಟ್ಟ ದಿಕ್ಕು ಕಣಿವೆಯ ಆಚೆ ಕಾಣುತ್ತದೆ. ಹೊಲಗಳು ಕೌದಿಯ ತುಂಡುಗಳ ಹಾಗೆ ಒಂದಕ್ಕೊಂದು ಹೊಲಿದುಕೊಂಡಿವೆ, ಹಸಿರು, ಹಳದಿ, ಉತ್ತ ಮಣ್ಣಿನ ಕಂದು. ಇಲ್ಲಿ ಅರ್ಧ ಗಂಟೆ ಕೂರಲಿ ಅಂತಲೇ ನಾನು ಬೇಗ ಹೊರಡಿ ಅಂದದ್ದು. ಮುಂದೆ ಚಿನಾಲೊ ಹಳ್ಳಿ, ಅಲ್ಲಿಂದ ಚುಗ್ಚಿಲಾನ್‌ವರೆಗೆ ರಸ್ತೆ. ಆ ರಸ್ತೆಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಹಾಸ್ಟೆಲ್‌ನ ಸಂಜೆ

ಚುಗ್ಚಿಲಾನ್ ಸುಮಾರು 3,200 ಮೀಟರ್ ಎತ್ತರದಲ್ಲಿದೆ. ಬಂದ ಕೂಡಲೇ ಮಂಚದ ಮೇಲೆ ಬೀಳಬೇಡಿ. ಶೂ ಬಾಗಿಲ ಹೊರಗೆ ಬಿಟ್ಟು ಮೊದಲು ಸ್ನಾನ ಮಾಡಿ. ಬಿಸಿಲು ಇಳಿದ ಮೇಲೆ ಚಳಿ ಏಕಾಏಕಿ ಬರುತ್ತದೆ. ಗ್ಯಾಸ್‌ನಲ್ಲಿ ಕಾಯುವ ಬಿಸಿನೀರು ಎಲ್ಲರಿಗೂ ಬೇಕು, ಐದು ನಿಮಿಷದಲ್ಲಿ ಮುಗಿಸಿ. ಶೌಚಾಲಯದಲ್ಲಿ ಬಳಸಿದ ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು. ದೇಶದ ಹೆಚ್ಚಿನ ಕಡೆ ಹೀಗೇ. ನೀರು ಬಳಸುವವರು ಒಂದು ಬಾಟಲಿ ಜೊತೆಗಿಟ್ಟುಕೊಳ್ಳಿ. ಅಲ್ಲಿ ಚೊಂಬು ಸಿಗುವುದಿಲ್ಲ.

ಮೂರರಿಂದ ಆರರವರೆಗಿನ ಹೊತ್ತು ಪೂರ್ತಿ ನಿಮ್ಮದು. ಜೋಲಿಯಲ್ಲಿ ಮಲಗಿ ಮಂಜು ಬರುವುದನ್ನು ನೋಡಿ. ಸಾಕ್ಸ್ ಒಗೆದು ಒಲೆಯ ಹತ್ತಿರ ಹಾಕಿ. ಚೌಕದ ಅಂಗಡಿಗೆ ಹೋಗಿ ಚೊಚೊ ಸಿಗುತ್ತದಾ ನೋಡಿ. ಲುಪಿನ್ ಅನ್ನುವ ಗಿಡದ ಕಾಳು ಅದು. ಹಸಿಯಾಗಿ ವಿಪರೀತ ಕಹಿ. ಬೇಯಿಸಿ, ದಿನಗಟ್ಟಲೆ ನೀರು ಬದಲಿಸಿ ನೆನೆಸಿದ ಮೇಲೆ ತಿನ್ನಲು ಬರುತ್ತದೆ. ಹುರಿದ ಮೆಕ್ಕೆಜೋಳ, ಈರುಳ್ಳಿ, ನಿಂಬೆರಸ ಬೆರೆಸಿ ಕೊಡುತ್ತಾರೆ. ಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಬಿಟ್ಟು ಕಾಳು ಪುಳಕ್ಕನೆ ಆಚೆ ಬರುತ್ತದೆ. ಹಿತಕಿದ ಅವರೆ ಮಾಡಿದ ಕೈಗಳಿಗೆ ಹೇಳಿಕೊಡಬೇಕಿಲ್ಲ. ನಾನು ಹಿತುಕುವ ವೇಗ ನೋಡಿ ಅಂಗಡಿಯವರು ಇನ್ನೊಂದು ಹಿಡಿ ಹಾಕಿದರು.

ಊಟ ಏಳರ ಸುಮಾರಿಗೆ, ಉದ್ದ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ. ಮೊದಲು ಸೂಪು. ಲೋಕ್ರೊ ದೆ ಪಾಪಾ ಇದ್ದರೆ ನಿಮ್ಮ ಅದೃಷ್ಟ. ಆಲೂಗಡ್ಡೆ ಕರಗುವವರೆಗೆ ಬೇಯಿಸಿ, ಹಾಲು, ಚೀಸ್ ಹಾಕಿ, ಮೇಲೆ ಬೆಣ್ಣೆಹಣ್ಣಿನ ಹೋಳು ಇಟ್ಟಿರುತ್ತಾರೆ. ಖಾರ ಸಾಲದಿದ್ದರೆ "ಅಹೀ" ಕೇಳಿ, ಮೆಣಸಿನಕಾಯಿಯ ಗೊಜ್ಜಿನಂಥದ್ದು ಬರುತ್ತದೆ. ಕುಡಿಯಲು "ಆಗ್ವಾ ದೆ ಪನೇಲಾ" ಕೇಳಿ. ಪನೇಲಾ ಅಂದರೆ ಅಪ್ಪಟ ಬೆಲ್ಲ. ಚಕ್ಕೆ ಹಾಕಿ ಕುದಿಸಿದ ಬಿಸಿ ಪಾನಕ ಅನ್ನಿ. ಇದಕ್ಕೇ ಮದ್ಯ ಬೆರೆಸಿದರೆ ಕಾನೆಲಾಸೊ. ಎತ್ತರದಲ್ಲಿ ಅದು ಬೇಗ ತಲೆಗೇರುತ್ತದೆ, ಒಂದು ಲೋಟಕ್ಕೆ ನಿಲ್ಲಿಸಿ.

ಮೇಜಿನ ಹತ್ತಿರ ಫೋನ್ ತರಬೇಡಿ. ಎದುರಿನಿಂದ, ಕಿಲೊತೊವಾ ಕಡೆಯಿಂದ ನಡೆದು ಬಂದವರು ಅಲ್ಲೇ ಕೂತಿರುತ್ತಾರೆ. ನಾಳೆಯ ದಾರಿ ಎಲ್ಲಿ ಕೆಟ್ಟಿದೆ, ಯಾವ ನಾಯಿ ಜೋರು, ಎಲ್ಲ ತಾಜಾ ಸುದ್ದಿ ಸಿಗುತ್ತದೆ. ಮನೆಯವರು ಇಸ್ಪೀಟು ತೆಗೆದರೆ ಕ್ವಾರೆಂತಾ ಕಲಿಸಿ ಅನ್ನಿ. ಈಕ್ವೆಡಾರ್‌ನ ಸ್ವಂತ ಆಟ. ಎಂಟು, ಒಂಬತ್ತು, ಹತ್ತರ ಎಲೆ ತೆಗೆದು 40 ಎಲೆಯಲ್ಲಿ, ಇಬ್ಬಿಬ್ಬರ ಎರಡು ಜೋಡಿಯಾಗಿ ಆಡುತ್ತಾರೆ. ತೆಗೆದಿಟ್ಟ ಎಲೆಗಳು ಅಂಕ ಎಣಿಸಲು. ಎದುರಾಳಿ ಈಗಷ್ಟೇ ಹಾಕಿದ ಎಲೆಗೆ ಅದೇ ಸಂಖ್ಯೆಯ ಎಲೆ ಹಾಕಿದರೆ "ಕಾಯಿದಾ" ಅಂತ ಕೂಗಿ ಎರಡು ಅಂಕ ತಗೊಳ್ಳಬಹುದು. ಮೊದಲು 40 ಮುಟ್ಟಿದವರು ಗೆದ್ದರು. ಭಾಷೆ ಬರದಿದ್ದರೂ ಹತ್ತು ನಿಮಿಷದಲ್ಲಿ ಆಟ ಕೈಗೆ ಹತ್ತುತ್ತದೆ.

ಡಾರ್ಮಿಟರಿಯಲ್ಲಿ ಮಲಗುವವರು ಬ್ಯಾಗನ್ನು ರಾತ್ರಿಯೇ ಕಟ್ಟಿಡಿ. ಬೆಳಗಿನ ಜಾವ ಪ್ಲಾಸ್ಟಿಕ್ ಚೀಲದ ಸರಬರ ಸದ್ದಿಗೆ ಎಂಟು ಜನರ ನಿದ್ದೆ ಹಾಳಾಗುತ್ತದೆ. ಕಂಬಳಿ ಇನ್ನೊಂದು ಬೇಕಿದ್ದರೆ ದೀಪ ಆರುವ ಮೊದಲೇ ಕೇಳಿ.

ಮರುದಿನ

ಲಾತಾಕುಂಗಾಗೆ ಬಸ್ ನಸುಕಿನಲ್ಲೇ ಹೊರಡುತ್ತದೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವ ಬದಲು ಹಾಸ್ಟೆಲ್‌ನವರಿಗೆ ಹೇಳಿ ಪಿಕಪ್ ಗಾಡಿ ಗೊತ್ತು ಮಾಡಿ, ಇನ್ನಿಬ್ಬರು ಸಿಕ್ಕರೆ ಬಾಡಿಗೆ ಹಂಚಿಕೊಂಡು ಕಿಲೊತೊವಾಗೆ ಹೋಗಿ. ಸರೋವರದ ಹಸಿರು ನೀರನ್ನು ಅಂಚಿನಿಂದಲೇ ನೋಡಬಹುದು. ನೀರಿನವರೆಗೆ ಇಳಿಯಲು ಅರ್ಧ ಗಂಟೆ ಸಾಕು, ಹತ್ತಲು ಒಂದು ಗಂಟೆಗೂ ಜಾಸ್ತಿ ಬೇಕು. ಕಾಲು ನೋಯುತ್ತಿದ್ದರೆ ಬಾಡಿಗೆಗೆ ಹೇಸರಗತ್ತೆ ಸಿಗುತ್ತದೆ.

ವಾಪಸ್ ಹೋಗುವ ಬಸ್ ಸುಂಬಾವಾ ಅನ್ನುವ ಊರಿನ ಮೇಲೆ ಹೋಗುತ್ತದೆ. ಶನಿವಾರವಾಗಿದ್ದರೆ ಅಲ್ಲಿ ಇಳಿದುಕೊಳ್ಳಿ, ಅವತ್ತು ಸಂತೆ. ಕೆಂಪು ಪೋಂಚೊ ಹೊದ್ದ ಗಂಡಸರು, ಕುರಿ, ಆಲೂಗಡ್ಡೆ ರಾಶಿಗಳ ನಡುವೆ ಹಿಟ್ಟಿನ ಮೂಟೆ ಬಿಚ್ಚಿಕೊಂಡು ಹೆಂಗಸರು ಕೂತಿರುತ್ತಾರೆ. "ಉನಾ ಲೀಬ್ರಾ ದೆ ಮಾಚಿಕಾ" ಅಂದರೆ ಒಂದು ಪೌಂಡ್ ಹುರಿದ ಬಾರ್ಲಿ ಹಿಟ್ಟು ಕಟ್ಟಿಕೊಡುತ್ತಾರೆ. ಎರಡು ಕವರ್ ಹಾಕಿಸಿ, ಗಂಟು ಬಿಗಿಯಾಗಿರಲಿ. ಬ್ಯಾಗಿನೊಳಗೆ ಬಿಚ್ಚಿಕೊಂಡರೆ ಬಟ್ಟೆಗೆಲ್ಲ ಹಿಟ್ಟಾಗುತ್ತದೆ.